ಒದ್ದೆ ಬಟ್ಟೆ ಆರುವ ತನಕ

ಗದುಗಿನ ವೀರನಾರಾಯಣ ಗುಡಿಗೆ ಬಂದವರಿಗೆಲ್ಲ ಒಂದು ಕಂಬ ತೋರಿಸುತ್ತಾರೆ. ದೇವರ ದರ್ಶನ ಆದ ಮೇಲೆ, ಕೆಲವೊಮ್ಮೆ ಅದಕ್ಕೂ ಮೊದಲೇ. ಕುಮಾರವ್ಯಾಸ ಈ ಕಂಬಕ್ಕೆ ಒರಗಿ ಕುಳಿತು ಭಾರತ ಬರೆದನಂತೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತು. ಆರಿತೆಂದರೆ ಆ ದಿನದ ಬರವಣಿಗೆ ಮುಗಿಯಿತು. ಇದು ಚರಿತ್ರೆಯಲ್ಲ, ಊರಿನವರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಐತಿಹ್ಯ. ಆದರೆ ನಾನು ಹುಟ್ಟಿದ್ದು ಪಕ್ಕದ ಬೆಟಗೇರಿಯಲ್ಲಿ. ಗಮಕ ಕಲಿತದ್ದೂ ಕಲಿಸುತ್ತಿರುವುದೂ ಆ ಭಾರತವನ್ನೇ. ಆ ಕಥೆಯನ್ನು ಬರೀ ಕಥೆಯೆಂದು ಪಕ್ಕಕ್ಕೆ ಸರಿಸಲು ನನಗೆ ಮನಸ್ಸು ಬರುವುದಿಲ್ಲ.

ಬಹಳ ಕಾಲದಿಂದ ನನ್ನನ್ನು ಕಾಡುವ ಮಾತು ಒಂದಿದೆ. ಕುಮಾರವ್ಯಾಸ ತಾನು ಕವಿಯಲ್ಲ ಎಂದು ಕಾವ್ಯದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ವೀರನಾರಾಯಣ ಹೇಳಿದ್ದನ್ನು ತಾನು ಬರೆದುಕೊಂಡೆ, ಅಷ್ಟೇ. ಸರಿ, ಹೇಳುವವನು ದೇವರೇ ಆದರೆ ಕಂಬ ಏಕೆ ಬೇಕು? ಅವನ ಊರಾದ ಕೋಳಿವಾಡದ ಮನೆಯ ಪಡಸಾಲೆಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ? ಎಲ್ಲ ಕಡೆ ಇರುವವನು ಒಬ್ಬನ ಕಿವಿಗೆ ಬೀಳಬೇಕಾದರೆ ಇಂಥ ಜಾಗ, ಇಷ್ಟೇ ಬೆಳಕು, ಇಷ್ಟೇ ಹೊತ್ತು ಎಂಬ ಕಟ್ಟು ಯಾಕೆ ಬಂತು?

ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದು ಆ ಮಂಟಪದೊಳಗೆ ಕಾಲಿಟ್ಟರೆ ಮೊದಲಿಗೆ ಏನೂ ಕಾಣುವುದಿಲ್ಲ. ಅಂಗಾಲಿಗೆ ಕಲ್ಲಿನ ತಂಪು ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಕಂಬಗಳ ಅಂಚು, ಆಮೇಲೆ ಅವುಗಳ ಮೈಮೇಲಿನ ಗೆರೆಗಳು, ಬಹಳ ತಡವಾಗಿ ಒಳಗಿನ ದೀಪದ ಸುತ್ತಲಿನ ಒಂದಿಷ್ಟು ಜಾಗ. ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಗುಡಿ ಕಟ್ಟಿದವರ ಹತ್ತಿರ ಈ ಲೆಕ್ಕ ಇತ್ತೋ ಇಲ್ಲವೋ, ಅನುಭವವಂತೂ ಇತ್ತು. ಅಂಗಳ, ಮುಖಮಂಟಪ, ರಂಗಮಂಟಪ, ಅಂತರಾಳ, ಗರ್ಭಗುಡಿ ಎಂದು ಒಂದೊಂದೇ ಹೊಸ್ತಿಲು ದಾಟಿದ ಹಾಗೆ ಬಾಗಿಲು ಕಿರಿದಾಗುತ್ತದೆ, ಗಾಳಿ ನಿಲ್ಲುತ್ತದೆ, ಬೆಳಕು ಇಳಿಯುತ್ತದೆ. ಪ್ರದಕ್ಷಿಣೆ ಹಾಕಿ, ಕೈಮುಗಿದು, ಸರದಿಗಾಗಿ ನಿಂತು ಕಾಯುವ ಹೊತ್ತಿನಲ್ಲಿ ಕಣ್ಣು ತನ್ನ ಕೆಲಸ ಮಾಡಿಕೊಳ್ಳುತ್ತಿರುತ್ತದೆ. ಜೊತೆಗೆ ಮನಸ್ಸೂ.

ದೇವರನ್ನು ಕತ್ತಲಲ್ಲಿ ಇಟ್ಟದ್ದೇಕೆ ಎಂದು ಮಕ್ಕಳು ಕೇಳುತ್ತಾರೆ. ಬಚ್ಚಿಡುವುದಕ್ಕೆ ಎಂದು ನಾನು ಹೇಳುವುದಿಲ್ಲ. ಮಂಗಳಾರತಿ ಎತ್ತಿದಾಗ ಏನಾಗುತ್ತದೆ ನೋಡಿ ಎನ್ನುತ್ತೇನೆ. ಕರ್ಪೂರ ಹೊತ್ತಿಕೊಂಡು ಪಾದ, ಉಡಿದಾರ, ಎದೆಯ ಹಾರ, ಮುಖ ಎಂದು ಬೆಳಕು ಮೇಲೇರುತ್ತದೆ. ಮುಖ ಕಂಡಿತು ಅನ್ನುವಷ್ಟರಲ್ಲಿ ತಟ್ಟೆ ಕೆಳಗಿಳಿಯುತ್ತದೆ. ಕಣ್ಣಿಗೆ ಬಿದ್ದದ್ದು ಕಾಲು ಭಾಗ. ಉಳಿದ ಮುಕ್ಕಾಲನ್ನು ತುಂಬಿಕೊಂಡವರು ನಾವು. ಮನೆಗೆ ಹೋಗಿ ಕಣ್ಣು ಮುಚ್ಚಿದರೆ ಎದ್ದು ಬರುವ ಮೂರ್ತಿ ಈ ಮುಕ್ಕಾಲಿನದು. ನನ್ನ ಮಟ್ಟಿಗೆ ಸೃಷ್ಟಿಯ ಮೊದಲ ಪಾಠ ಅಲ್ಲಿದೆ. ಎಲ್ಲವನ್ನೂ ಬೆಳಗಿ ತೋರಿಸಿದ್ದರೆ ಭಕ್ತನಿಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಕುರುಕ್ಷೇತ್ರದ ಆನೆ, ರಥ, ಧೂಳು, ದ್ರೌಪದಿಯ ಬಿಚ್ಚಿದ ಮುಡಿ, ಇವು ಯಾವುವೂ ಆ ಮಂಟಪದಲ್ಲಿ ಇರಲಿಲ್ಲ. ಎದುರಿಗಿದ್ದದ್ದು ಕತ್ತಲು, ಅದರೊಳಗೊಂದು ದೀಪ. ಹತ್ತು ಪರ್ವಗಳು ಅಲ್ಲಿಂದ ಎದ್ದವು.

ಅವನ ಕೈಯಲ್ಲಿದ್ದದ್ದು ತಾಳೆಗರಿ ಎಂಬುದನ್ನು ನಾವು ಮರೆಯುತ್ತೇವೆ. ತನ್ನ ಹೆಗ್ಗಳಿಕೆಗಳನ್ನು ಹೇಳಿಕೊಳ್ಳುವಾಗ ಕುಮಾರವ್ಯಾಸ ಹಲಗೆ ಬಳಪ ಹಿಡಿದು ಕರಡು ಮಾಡಲಿಲ್ಲ ಎನ್ನುತ್ತಾನೆ, ಇಟ್ಟ ಪದವನ್ನು ಅಳಿಸಲಿಲ್ಲ ಎನ್ನುತ್ತಾನೆ, ಗರಿಯ ಮೇಲೆ ಕಂಠದ ಸದ್ದು ನಡುವೆ ನಿಲ್ಲಲಿಲ್ಲ ಎನ್ನುತ್ತಾನೆ. ಕಂಠ ಎಂದರೆ ಉಕ್ಕಿನ ಮೊನೆ. ಅದು ಗರಿಯನ್ನು ಕೊರೆಯುತ್ತದೆಯೇ ಹೊರತು ಬಣ್ಣ ಬಿಡುವುದಿಲ್ಲ. ಕಾಡಿಗೆ ಬಳಿದು ಒರೆಸುವುದು ಆಮೇಲಿನ ಕೆಲಸ. ಬರೆಯುವ ಹೊತ್ತಿನಲ್ಲಿ ಅಕ್ಷರಕ್ಕೆ ಬಣ್ಣವೇ ಇಲ್ಲ. ಧಾರವಾಡದಲ್ಲಿ ಹಸ್ತಪ್ರತಿ ಓದಲು ಕಲಿಯುತ್ತಿದ್ದಾಗ ಕಾಡಿಗೆ ಹಾರಿಹೋದ ಒಂದು ಗರಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಟ್ಯೂಬ್‌ಲೈಟಿನ ನೇರ ಕೆಳಗೆ ಹಿಡಿದರೆ ಬರೀ ಒಣ ಎಲೆ, ಉದ್ದುದ್ದ ನಾರು. ಕಿಟಕಿಯ ಕಡೆಗೆ ತಿರುಗಿ ಚೂರು ಓರೆ ಮಾಡಿದೆ. ಸಾಲುಸಾಲು ಅಕ್ಷರ ಎದ್ದು ನಿಂತವು. ಕೊರೆದ ಗೆರೆಯ ಒಂದು ದಡ ಬೆಳಗಿ ಇನ್ನೊಂದು ದಡದಲ್ಲಿ ನೆರಳು ಬಿದ್ದಾಗಲೇ ಅದು ಕಣ್ಣಿಗೆ ಅಕ್ಷರ. ಕನ್ನಡದ ಹಳೆಯ ಕಾವ್ಯವೆಲ್ಲ ಹೀಗೆ ಪಕ್ಕದಿಂದ ಬಂದ ಬೆಳಕಿನಲ್ಲಿ, ನೆರಳನ್ನು ಓದುತ್ತ ಬರೆದದ್ದು. ನಮ್ಮ ಹತ್ತಿರದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಆ ಸಾವಿರ ಪ್ರತಿಯ ಒಂದೊಂದು ಗರಿಯನ್ನೂ ಯಾರೋ ಒಬ್ಬರು ಯಾವುದೋ ಬಾಗಿಲ ಬಳಿ, ಕಿಂಡಿಯ ಬಳಿ ಹೀಗೆಯೇ ಓರೆಯಾಗಿ ಹಿಡಿದು ಕೂತಿರಬೇಕು. ಲಕ್ಕುಂಡಿಯ ಜಿನಾಲಯದೊಳಗೆ ನಿಂತಾಗ ನನಗೆ ಕಟ್ಟಡಕ್ಕಿಂತ ಮೊದಲು ಅವರ ಬೆನ್ನುಗಳು ನೆನಪಾಗುತ್ತವೆ.

ಪಕ್ಕದ ಬೆಳಕಿನ ಬಗ್ಗೆ ನಾನು ಮೊದಲು ಕೇಳಿದ್ದು ಗುಡಿಯಲ್ಲೂ ಅಲ್ಲ, ಧಾರವಾಡದಲ್ಲೂ ಅಲ್ಲ. ನಮ್ಮದು ನೇಕಾರರ ಮನೆ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಒಳಗೆ ಕುಣಿಮಗ್ಗ. ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಹಾಸು ಅವರ ಎದೆಯ ಕೆಳಗೆ, ನೆಲದ ಮಟ್ಟದಲ್ಲೇ ಹರಡಿರುತ್ತಿತ್ತು. ನೆಲದ ತೇವ ಎಳೆಗೆ ತಾಗುತ್ತಿದ್ದುದರಿಂದ ನೂಲು ಬೇಗ ಹರಿಯುತ್ತಿರಲಿಲ್ಲ. ಎಡಕ್ಕೆ ಒಂದೇ ಸಣ್ಣ ಕಿಟಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಎಳೆ ಹರಿದರೆ ಅಪ್ಪ ಲಾಳಿ ನಿಲ್ಲಿಸಿ, ತಲೆ ತಗ್ಗಿಸಿ, ಕಿಟಕಿಯ ಕಡೆಗೆ ಓರೆಯಾಗಿ ನೋಡುತ್ತಿದ್ದರು. ಸಾವಿರಾರು ಎಳೆಗಳ ನಡುವೆ ಇಲ್ಲದ ಒಂದು ಎಳೆಯನ್ನು ಹುಡುಕುವ ನೋಟ ಅದು. ನಾನು ಚಿಕ್ಕವಳು, ದೊಡ್ಡ ಬಲ್ಬು ಹಾಕಿಸೋಣ ಅಂದೆ. “ಬೆಳಕು ಭಾಳ ಆದ್ರ ಎಳಿ ಕಾಣೂದಿಲ್ಲವಾ” ಅಂದರು. ಅವರು ಹೇಳಿದ್ದು ಮಗ್ಗದ ಮಾತು. ತಾಳೆಗರಿ ಓರೆ ಮಾಡಿದ ದಿನ ಅದು ಅಕ್ಷರಕ್ಕೂ ಸಲ್ಲುತ್ತದೆ ಎಂದು ತಿಳಿಯಿತು.

ಈಗಿನ ಗುಡಿಗಳಲ್ಲಿ ನಡೆಯುತ್ತಿರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಕಲ್ಲಿನ ಗೋಡೆಗೆ ಬಿಳಿ ಟೈಲ್ಸು, ಗರ್ಭಗುಡಿಯೊಳಗೆ ನಾಲ್ಕೂ ಕಡೆ ಎಲ್‌ಇಡಿ, ಪ್ರಭಾವಳಿಯ ಸುತ್ತ ಓಡುವ ಬಣ್ಣದ ದೀಪಗಳು. ಮಾಡಿಸಿದವರ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ. ಇದ್ದದ್ದರಲ್ಲಿ ಉಳಿಸಿ ಕೊಟ್ಟ ದುಡ್ಡು ಅದು. ವಯಸ್ಸಾದವರು ಹೊಸ್ತಿಲು ಎಡವಬಾರದೆಂಬ ಕಾಳಜಿಯೂ ಇದೆ. ಆದರೆ ಹೊಸ್ತಿಲಿಗೆ ಬೇಕಾದ ಬೆಳಕು ಬೇರೆ, ಮೂರ್ತಿಗೆ ಬೇಕಾದ ಬೆಳಕು ಬೇರೆ. ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿನ ಸರಸ್ವತಿ ಗುಡಿಯ ಕಂಬಗಳನ್ನು ಬೆಳಗಿನ ಓರೆ ಬೆಳಕಿನಲ್ಲಿ ನೋಡಬೇಕು. ಕುಸುರಿಯ ಒಂದೊಂದು ಮಣಿಯ ಹಿಂದೆಯೂ ಅದರದೇ ನೆರಳು. ಅದರ ಮುಖಕ್ಕೆ ಫ್ಲಡ್‌ಲೈಟು ಹಿಡಿದರೆ ಅಷ್ಟು ಕೆತ್ತನೆಯೂ ಗೋಡೆಗೆ ಅಂಟಿಸಿದ ಚಿತ್ರವಾಗುತ್ತದೆ. ಕಲ್ಲುಕುಟಿಗ ಆಳ ಕೊರೆದದ್ದು ನೆರಳು ಕೂರಲೆಂದು. ನೆರಳು ಓಡಿಸಿದರೆ ಅವನ ಅರ್ಧ ಕೆಲಸ ಅಳಿಸಿದಂತೆಯೇ.

ಹಾಗೆಂದು ಕತ್ತಲೆಯನ್ನೂ ಕಂಬವನ್ನೂ ಹಾಡಿ ಹೊಗಳಿ ಸುಮ್ಮನಾಗುವಂತಿಲ್ಲ. ನಮ್ಮ ಸೀಮೆಯಲ್ಲಿ ಗುಡಿಯ ಮಂಟಪದಲ್ಲಿ ಕುಳಿತು ಬರೆಯುವ ಯೋಗ ಎಷ್ಟು ಮಂದಿಗೆ ಇತ್ತು? ಎಷ್ಟು ಹೆಂಗಸರಿಗೆ ಇತ್ತು? ನಮ್ಮಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಬೆಳಗಿನ ಜಾವ ಕೋಳಿ ಕೂಗುವ ಮೊದಲೇ ಎದ್ದು, ದೀಪ ಹಚ್ಚಿದರೆ ಎಣ್ಣೆ ದಂಡವೆಂದು ಹಾಗೇ ಕತ್ತಲಲ್ಲಿ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಎದುರಿಗೆ ದೊಡ್ಡಮ್ಮ. ಗೂಟಕ್ಕೆ ಇಬ್ಬರ ಕೈ. ಕಲ್ಲು ತಿರುಗಿದ ಮೇಲೆ ಪದ ಶುರು. ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದಕ್ಕೆ ಒಯ್ಯುವಳು. ತವರು, ಅಣ್ಣ, ಸತ್ತ ಕೂಸು, ಕಲ್ಲಿನೊಳಗಿನ ಶಿವ ಎಲ್ಲ ಮೂರು ಸಾಲಿನಲ್ಲಿ ಬಂದು ಹೋಗುತ್ತಿದ್ದರು. ಹಾಸಿಗೆಯಲ್ಲಿ ಮಲಗಿದ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಅವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಬೆಳಕಿನಲ್ಲಿ ಅಮ್ಮ ಎಂದೂ ಆಡದ ಮಾತುಗಳು ಆ ಪದಗಳಲ್ಲಿದ್ದವು. ಅತ್ತೆಯ ಎದುರು, ಗಂಡಸರ ಎದುರು ಆಡಲಾಗದ ಮಾತು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಕೈಗೆ ಬಂದಾಗ, ಇದಿಷ್ಟೂ ದೀಪವಿಲ್ಲದ ಕೋಣೆಗಳ ಕಾವ್ಯ ಎಂದು ನನಗೆ ತಟ್ಟನೆ ಹೊಳೆಯಿತು. ಆ ಹೆಂಗಸರಿಗೆ ಜಾಗವೆಂದು ಇದ್ದದ್ದು ಕಲ್ಲಿನ ಸುತ್ತಲಿನ ಮೂರು ಮೊಳ ನೆಲ, ಗಡಿಯೆಂದು ಇದ್ದದ್ದು ಮೊರದಲ್ಲಿನ ಜೋಳ. ಜೋಳ ಮುಗಿದರೆ ಪದ ಮುಗಿಯಿತು.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕ ಮಹಾರಾಜ ಯಾಜ್ಞವಲ್ಕ್ಯನನ್ನು ಕೇಳುವ ಪ್ರಶ್ನೆ ಇದೇ. ಈ ಮನುಷ್ಯನಿಗೆ ಬೆಳಕು ಯಾವುದು? ಸೂರ್ಯ ಎನ್ನುತ್ತಾನೆ ಋಷಿ. ಅದರ ಬೆಳಕಿನಲ್ಲಿ ಕೂರುತ್ತಾನೆ, ನಡೆಯುತ್ತಾನೆ, ಕೆಲಸ ಮಾಡಿ ಮರಳುತ್ತಾನೆ. ಸೂರ್ಯ ಮುಳುಗಿದರೆ? ಚಂದ್ರ. ಚಂದ್ರನೂ ಮುಳುಗಿದರೆ? ಬೆಂಕಿ. ಬೆಂಕಿ ಆರಿದರೆ? ಮಾತು. ತನ್ನ ಕೈ ತನಗೆ ಕಾಣದ ಕತ್ತಲಲ್ಲೂ ಎಲ್ಲಿ ದನಿ ಕೇಳುತ್ತದೋ ಅಲ್ಲಿಗೆ ಮನುಷ್ಯ ಹೋಗುತ್ತಾನೆ. ಮಾತೂ ನಿಂತರೆ? ಆಗ ಆತ್ಮವೇ ಬೆಳಕು. ಪಂಡಿತರು ಇದನ್ನು ವಿವರಿಸುವಾಗ ಕಡೆಯ ಮೆಟ್ಟಿಲಿಗೆ ಅವಸರದಿಂದ ಹತ್ತಿಬಿಡುತ್ತಾರೆ. ನಾನು ನಾಲ್ಕನೆಯದರಲ್ಲೇ ನಿಲ್ಲುವವಳು. ಮಾತು ಒಂದು ಬೆಳಕು ಎಂದು ಅಷ್ಟು ಹಿಂದೆಯೇ ಒಬ್ಬನಿಗೆ ತಿಳಿದಿತ್ತು. ನಮ್ಮಮ್ಮ, ದೊಡ್ಡಮ್ಮ ಬೀಸುವ ಕಲ್ಲಿನ ಮುಂದೆ ಅದನ್ನೇ ಹಚ್ಚಿಕೊಂಡು ಕೂತಿದ್ದರು.

ಕಣ್ಣಿಗೆ ಕಾಣದ ಬೆಳಕೂ ಇದೆ ಎಂಬುದನ್ನು ಗದಗಿನಲ್ಲಿ ಸುಲಭವಾಗಿ ಮರೆಯಲಾಗದು, ಏಕೆಂದರೆ ವೀರನಾರಾಯಣನ ಊರೇ ವೀರೇಶ್ವರ ಪುಣ್ಯಾಶ್ರಮದ ಊರು. ಅಲ್ಲಿನ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ, 1914ರಿಂದ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಆ ಇಬ್ಬರು ಎಷ್ಟೋ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಪುಟ್ಟರಾಜರು ಹಾಡಿದರು, ವಾದ್ಯ ನುಡಿಸಿದರು, ನಾಟಕ ಬರೆದರು, ಕಾವ್ಯ ಬರೆದರು. ಬೆಳಕು ಸ್ಫೂರ್ತಿ ಕೊಡುತ್ತದೆ, ಕೋಣೆ ಹೀಗಿರಬೇಕು, ಕಿಟಕಿ ಹಾಗಿರಬೇಕು ಎಂದು ಮಾತಾಡುವ ಯಾರೇ ಆಗಲಿ ಆ ಆಶ್ರಮದ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮುಂದೆ ಮಾತಾಡಬೇಕು.

ನನ್ನ ವಾಚನಕ್ಕೆ ಹಾರ್ಮೋನಿಯಂ ಹಿಡಿಯುವ ಮಾಸ್ತರರು ಅಲ್ಲಿ ಕಲಿತವರು, ಹುಟ್ಟುಗುರುಡರು. ಹೊಸ ಜಾಗಕ್ಕೆ ಹೋದರೆ ಅವರು ಮೊದಲು ಚಪ್ಪಾಳೆ ತಟ್ಟುತ್ತಾರೆ. ಒಮ್ಮೆ ಇಲ್ಲಿ, ನಾಲ್ಕು ಹೆಜ್ಜೆ ನಡೆದು ಇನ್ನೊಮ್ಮೆ ಅಲ್ಲಿ. ಆಮೇಲೆ ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ಹೇಳುತ್ತಾರೆ. ಕಲ್ಲಿನ ಮಂಟಪದಲ್ಲಿ ಕಂಬಗಳು ದನಿಯನ್ನು ಒಡೆದು ಹಂಚುವುದರಿಂದ ಮಾತು ಗೋಡೆಗೆ ಬಡಿದು ಒಟ್ಟಾಗಿ ವಾಪಸು ಬರುವುದಿಲ್ಲ, ಅದಕ್ಕೇ ಭಾರತ ಓದಲು ಗುಡಿ ಚಲೋ ಎಂದು ಅವರ ಮತ. ಕಂಬ ಎಂದರೆ ನನಗೆ ಬೆಳಕು ನೆರಳಿನ ಮಾತಾಗಿತ್ತು. ಅದೇ ಕಂಬ ಅವರಿಗೆ ದನಿಯ ಮಾತು. ಒಮ್ಮೆ ಕೇಳಿದೆ, “ಮಾಸ್ತರ, ಗುಡಿಯೊಳಗ ಬಂದ್ರ ನಿಮಗ ಏನು ತಿಳೀತದ?” ಅಂತ. “ಹೊರಗ ನಾ ಭಾಳ ದೊಡ್ಡಾಂವ ಇರ್ತೀನ್ರಿ ಅಕ್ಕಾರ. ಒಳಗ ಬಂದ ಮ್ಯಾಲೆ ಸಣ್ಣಾಂವ ಆಗ್ತೀನಿ. ಸಣ್ಣಾಂವ ಆದ್ರ ಶ್ರುತಿ ಲಗೂನ ಸಿಗ್ತದ” ಅಂದರು.

ಕಂಬ ಏಕೆ ಬೇಕು ಎಂಬ ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಜಾಗ ಕಾವ್ಯವನ್ನು ತಂದು ಕೊಡುವುದಿಲ್ಲ. ಬರೆಯುವವನನ್ನು ಸಣ್ಣವನನ್ನಾಗಿ ಮಾಡುತ್ತದೆ. ಎತ್ತರದ ಕಂಬದ ಬುಡದಲ್ಲಿ, ಕಾಣುವುದು ಕಡಿಮೆಯಾದ ಕಡೆ, ನಾನು ನಾನು ಎಂದು ಮುಂದೆ ನೂಕುವುದು ಸ್ವಲ್ಪ ಸುಮ್ಮನಾಗುತ್ತದೆ. ಆಗ ಕುಮಾರವ್ಯಾಸನಂಥವನೂ ತಾನು ಬರೀ ಲಿಪಿಕಾರ ಅನ್ನಬಲ್ಲ. ಅದನ್ನು ವಿನಯಕ್ಕೆ ಆಡಿದ ಮಾತು ಎಂದು ಕೆಲವರು ಓದುತ್ತಾರೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯಲ್ಲಿ ಅವನ ಪದ್ಯವನ್ನು ಬಾಯಿಬಿಟ್ಟು ಹಾಡಿದವರಿಗೆ ಹಾಗೆನ್ನಿಸುವುದಿಲ್ಲ. ಅಲ್ಲಿ ಪದಗಳು ಯೋಚನೆಗಿಂತ ಮುಂದೆ ಓಡುತ್ತವೆ. ಹಿಂದಿನಿಂದ ಯಾರೋ ಹೇಳಿಕೊಡುತ್ತಿದ್ದಾರೆ ಎಂಬ ಭಾವ ಸುಮಾರು ಆರು ನೂರು ವರ್ಷಗಳಾಚೆ ಹಾಡುವ ನನಗೇ ಬರುತ್ತದೆ. ಬರೆಯುತ್ತಿದ್ದವನಿಗೆ ಬರದೆ ಇರುತ್ತದೆಯೇ?

ಇಲ್ಲಿ ಶರಣರು ತಡೆದು ನಿಲ್ಲಿಸುತ್ತಾರೆ. ದೇಹವೇ ದೇಗುಲವಾದ ಮೇಲೆ ಕಲ್ಲಿನ ಗುಡಿ ಯಾಕೆ ಎಂದವನು ಬಸವಣ್ಣ. ನಮ್ಮ ಮನೆಯಲ್ಲಿ ದಾಸಿಮಯ್ಯನ ಹೆಸರು ಹೇಳದೆ ಹೊಸ ಹಾಸು ಏರುತ್ತಿರಲಿಲ್ಲ. ಮುದನೂರಿನ ಆ ನೇಕಾರನಿಗೆ ಮಂಟಪವಿರಲಿಲ್ಲ, ಮಗ್ಗವಿತ್ತು. ಈ ತಕರಾರನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಶರಣರೂ ಜಾಗವನ್ನು ಬಿಟ್ಟವರಲ್ಲ. ಗುಡಿಯಿಂದ ಕಾಯಕದ ಕಡೆಗೆ ಸರಿಸಿದವರು. ಕುಣಿಮಗ್ಗದಲ್ಲಿ ಕೂತವನು ಸೊಂಟದ ಮಟ್ಟಕ್ಕೆ ನೆಲದೊಳಗೆ ಇಳಿದಿರುತ್ತಾನೆ. ಮನೆಯೊಳಗೆ ನಡೆದಾಡುವ ಮಗು ಕೂಡ ಅವನಿಗಿಂತ ಎತ್ತರ. ಅಷ್ಟು ತಗ್ಗಿ ಕೂತವನಿಗೆ ಸಣ್ಣವನಾಗಲು ಬೇರೆ ಗುಡಿ ಬೇಕಿಲ್ಲ.

ಒದ್ದೆ ಬಟ್ಟೆಯ ಮಾತೂ ನನಗೆ ಹೀಗೆಯೇ ಅರ್ಥವಾಗುತ್ತದೆ. ಗದಗಿನದು ಒಣ ಹವೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಈಗ ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತಿವೆ. ಆ ಗಾಳಿಗೆ ಮೈಮೇಲಿನ ಧೋತರ ಆರಲು ಬಹಳ ಹೊತ್ತು ಬೇಕಿಲ್ಲ. ಮಂಟಪದ ಒಳಗಿನ ತಂಪಿನಲ್ಲಿ ಇನ್ನೊಂದಿಷ್ಟು ಹೊತ್ತು ತಡೆಯಬಹುದು. ಅಂದರೆ ಗುಡಿಯ ನೆರಳು ಅವನಿಗೆ ಹೊತ್ತನ್ನೂ ಕೊಟ್ಟಿತು. ಆದರೂ ಆರಿಯೇ ಆರುವ ಬಟ್ಟೆ ಅದು. ಚಳಿ ಹಿಡಿದ ಮೈ ಎಚ್ಚರವಾಗಿ ಇರುತ್ತದೆ. ಹೊತ್ತು ಕಳೆಯುತ್ತಿದೆ ಎಂಬುದು ಚರ್ಮಕ್ಕೇ ಗೊತ್ತಾಗುತ್ತಿರುತ್ತದೆ. ಕಂಠದ ಸದ್ದು ನಿಲ್ಲಲಿಲ್ಲ ಎಂದು ಅವನು ಹೇಳಿದ್ದರಲ್ಲಿ ಆಶ್ಚರ್ಯವೇನು?

ಹೋದ ವರ್ಷ ಮಗ ಹೊಸ ಮನೆ ಕಟ್ಟಿಸಿದ. ಅಮ್ಮನಿಗೆ ಪಾಠ ಹೇಳಲು, ಬರೆಯಲು ಅಂತ ಒಂದು ಕೋಣೆ. ಪ್ರೀತಿಯಿಂದ ಮಾಡಿಸಿದ್ದ. ಫಾಲ್ಸ್ ಸೀಲಿಂಗಿನ ತುಂಬ ಪುಟ್ಟಪುಟ್ಟ ದೀಪ, ನೆಲಕ್ಕೆ ಹೊಳೆಯುವ ಗ್ರಾನೈಟು, ರಸ್ತೆಯ ಕಡೆಗೆ ಗೋಡೆಯಷ್ಟು ದೊಡ್ಡ ಗಾಜು. ವಾಸ್ತುಶಾಂತಿಗೆ ಬಂದ ಮಾಸ್ತರರು ನಡುವೆ ನಿಂತು ಚಪ್ಪಾಳೆ ತಟ್ಟಿದರು. “ಈ ಖೋಲಿ ಭಾಳ ಒದರತೈತಿ ನೋಡ್ರಿ” ಅಂದರು. ಮಗನ ಮುಖ ಸಣ್ಣದಾಯಿತು. ನಾನು ಅವನನ್ನು ಹತ್ತಿರ ಕೂರಿಸಿಕೊಂಡು ಅವನ ಅಜ್ಜನ ಮಗ್ಗದ ಕಿಟಕಿಯ ವಿಷಯ ಹೇಳಿದೆ. ಅವನು ಇಂಜಿನಿಯರು, ತಿಳಿದುಕೊಂಡ. ಗಾಜಿಗೆ ದಪ್ಪ ಖಾದಿಯ ಪರದೆ ಬಂತು, ಎಡಕ್ಕೆ ಒಂದು ಪಟ್ಟಿಯಷ್ಟು ಮಾತ್ರ ಬಿಟ್ಟು. ಎರಡು ಗೋಡೆಗೆ ಮನೆಯಲ್ಲಿದ್ದ ಹಳೆಯ ಕೌದಿಗಳನ್ನು ತೂಗುಹಾಕಿದ, ನೆಲಕ್ಕೆ ಜಮಖಾನೆ ಹಾಸಿದ. ಮೇಲಿನ ದೀಪಗಳ ಸ್ವಿಚ್ಚು ಇದೆ, ನಾವು ಹಾಕುವುದಿಲ್ಲ. ಮಾಸ್ತರರು ಮತ್ತೆ ಬಂದು ಮೂರು ಕಡೆ ತಟ್ಟಿ ನೋಡಿ ತಮ್ಮ ಪೆಟ್ಟಿಗೆಯನ್ನು ಕೌದಿಯ ಪಕ್ಕ ಇಡಿಸಿಕೊಂಡರು. ಕಲಿಯಲು ಬರುವ ಹುಡುಗಿಯರಲ್ಲಿ ಒಬ್ಬಳು ತಾನೇ ಷಟ್ಪದಿ ಬರೆಯಲು ಹತ್ತಿದ್ದಾಳೆ. ಅವಳ ಮನೆ ಎರಡೇ ಕೋಣೆಯದು, ಟಿವಿ ಆರುವುದಿಲ್ಲ. ಪಾಠಕ್ಕಿಂತ ಒಂದು ತಾಸು ಮುಂಚೆ ಬಂದು ಆ ಪಟ್ಟಿ ಬೆಳಕಿನಲ್ಲಿ ಕೂರುತ್ತಾಳೆ. ಉಳಿದವರು ಬರುವ ತನಕ ಮಾತ್ರ ಎಂದು ನಾನೇ ಕಟ್ಟು ಹಾಕಿದ್ದೇನೆ. ನಾವೀಗ ದ್ರೋಣಪರ್ವದಲ್ಲಿದ್ದೇವೆ.